ಒಡೆಯ

ಕ್ಲಾಕ್‌ಟವರ್ ಹಿಂದಿನ ಗ್ರಂಥಾಲಯದಲ್ಲಿ
ಮಧ್ಯಾಹ್ನ ಮೂರಕ್ಕೆ ಕರೆಂಟು ಹೋದರೆ
ಉಳಿಯುವವರು ಇಬ್ಬರೇ:
ರಿಜಿಸ್ಟರಿನ ಮೇಲೆ ಮೊಣಕೈಯೂರಿದ ನಾನು,
ನಿನ್ನೆಯ ಪೇಪರಿನ ಚಿತ್ರ ಮಾತ್ರ ನೋಡುವ
ಕಲ್ಲುಕುಟಿಗ ಓಬಳಪ್ಪ.

ಅಕ್ಷರ ಬಾರದು. ಫ್ಯಾನಿಗೆಂದು ಬರುತ್ತಾನೆ.
ಫ್ಯಾನು ನಿಂತಾಗ
"ಏನಾದರೂ ಓದು ತಾಜಮ್ಮ" ಅನ್ನುತ್ತಾನೆ,
ಓದಿದರೆ ಗಾಳಿ ಬೀಸುತ್ತದೆಂಬಂತೆ.

ಇವತ್ತು ಕೈಗೆ ಸಿಕ್ಕಿದ್ದು ಗೆದ್ದಲು ಅರ್ಧ ತಿಂದ ಪುಸ್ತಕ.
ಗ್ರೀಕರ ಊರು, ಕೊರಿಂಥ್.
ಎರಡು ಕಡಲ ನಡುವೆ ಸೊಂಟದಷ್ಟು ನೆಲ,
ಹಡಗುಗಳನ್ನೇ ಈ ದಡದಿಂದ ಆ ದಡಕ್ಕೆ
ಕಲ್ಲುಹಾದಿಯ ಮೇಲೆ ಎಳೆಯುತ್ತಿದ್ದರಂತೆ.
ಊರ ಬೆನ್ನಿಗೆ ಒಂದು ಬೋಳು ಬೆಟ್ಟ.
"ನಮ್ಮದರ ಹಾಗಾ?" ಕಿಟಕಿಯತ್ತ ಗದ್ದ ತಿರುಗಿಸಿದ.
ಶತಶೃಂಗ ಬಿಸಿಲಿಗೆ ಬೆನ್ನು ಕೊಟ್ಟು ಕೂತಿತ್ತು.
ಹಾಗೇ ಅಂದೆ. ಕಡಲೆರಡು ಬಿಟ್ಟು.

ಆ ಊರ ದೊರೆಯ ಹೆಸರಿಗೆ ನನ್ನ ನಾಲಗೆ ಹೊರಳಲಿಲ್ಲ;
ಗೆದ್ದಲಿನ ಬಾಯಿ ಹೊರಳಿತ್ತು, ಅರ್ಧ ನುಂಗಿತ್ತು.
ದೊರೆ ಅಂದೆ. ಅಷ್ಟು ಸಾಕಾಯಿತು.

ಬೆಟ್ಟದ ಮೇಲೆ ಕೋಟೆಯಿತ್ತು, ನೀರಿರಲಿಲ್ಲ.
ಒಂದು ದಿನ ನದಿಯೊಂದು, ಗಂಡು ನದಿ, ಅದೂ ದೇವರು,
ಕಾಣೆಯಾದ ಮಗಳನ್ನು ಹುಡುಕುತ್ತ ಏದುಸಿರಲ್ಲಿ ಬಂತು.
ಯಾರು ಹೊತ್ತೊಯ್ದರೆಂದು ದೊರೆ ನೋಡಿದ್ದ:
ದೇವರುಗಳಲ್ಲೇ ದೊಡ್ಡವನು, ಸಿಡಿಲಿನವನು.
"ಹೇಳುತ್ತೇನೆ" ಅಂದ, "ಬೆಟ್ಟಕ್ಕೊಂದು ಊಟೆ ಕೊಡು."
ಕೊಟ್ಟ. ಹೇಳಿದ.
ಬಂಡೆಯ ಬಿರುಕಲ್ಲಿ ನೀರು ಮಾತಾಡಿತು.

ಓಬಳಪ್ಪ ಬೀಡಿ ತೆಗೆದ, ಗೋಡೆಯ ಮೇಲೆ
ಅಡ್ಡಗೀಟು ಎಳೆದ ಬೀಡಿಯ ಚಿತ್ರ ನೋಡಿ
ಮತ್ತೆ ಕಿವಿಗೆ ಸಿಕ್ಕಿಸಿಕೊಂಡ.
"ಒಳ್ಳೆಯವನಲ್ಲವಾ? ನಮಗೆ
ಸಾವಿರದ ನಾನೂರು ಅಡಿ ಕೊರೆದರೂ ಧೂಳು.
ಬೆಂಗಳೂರು ಮಿಂದು ಬಿಟ್ಟ ನೀರು
ಪೈಪಿನಲ್ಲಿ ಬಂದು ಕೆರೆ ತುಂಬಿತು.
ಕೊಕ್ಕರೆ ಬಂದವು. ನೊರೆಯೂ ಬಂತು."

ಮುಂದಿನ ಪುಟ ಅಂಟಿಕೊಂಡಿತ್ತು. ಉಗುರಲ್ಲಿ ಬಿಡಿಸಿದೆ.
ಗುಟ್ಟು ಹೇಳಿದ್ದಕ್ಕೆ ಶಿಕ್ಷೆ:
ಪಾತಾಳದಲ್ಲಿ ದೊರೆಗೊಂದು ಗುಂಡುಕಲ್ಲು,
ಗುಡ್ಡದ ತುದಿಗೆ ಉರುಳಿಸಬೇಕು.
ತುದಿ ಮುಟ್ಟುವಷ್ಟರಲ್ಲಿ ಜಾರಿ
ಬುಡಕ್ಕೆ.
ಮತ್ತೆ. ಇವತ್ತಿಗೂ.

ಬಿಸಿಲು ಮೇಜಿನ ಒಂದು ಕಾಲು ಬಿಟ್ಟು ಇನ್ನೊಂದನ್ನು ಹಿಡಿಯಿತು.
ಅಯ್ಯೋ ಅಂದಾನೆಂದು ಕಾದೆ.
"ಯಾವ ಕಲ್ಲು?" ಅಂದ.

"ಬಿಳಿಯದಾ, ಕಪ್ಪಾ? ಎಳೆ ಯಾವ ಕಡೆಗಿತ್ತು?
ಬರೆದಿಲ್ಲವಾ?"
ಬರೆದಿಲ್ಲ.
"ಒಡೀಬಾರದಿತ್ತಾ?

ಗೇಣಿಗೊಂದು ತೂತು. ತೂತಿಗೊಂದು ಉಳಿ.
ಈ ತುದಿಯಿಂದ ಆ ತುದಿಗೆ ಒಂದೊಂದೇ ಏಟು, ಅವಸರ ಬೇಡ.
ಆಯ್ತು ಅಂತ ಕಲ್ಲೇ ಹೇಳುತ್ತೆ,
ಗಂಟೆಯ ದನಿ ಹೋಗಿ ಮಡಕೆಯ ದನಿ ಆಗುತ್ತೆ.
ಆಮೇಲೆ ಚಪ್ಪಡಿ ಚಪ್ಪಡಿಯಾಗಿ ಹೊತ್ತುಕೊಂಡು ಹೋಗು.
ತುದೀಲಿ ಇಟ್ಟರೆ
ಚಪ್ಪಡಿ ಉರುಳುತ್ತಾ?"

ಅವನ ಅಂಗೈ ಮೇಜಿನ ಮೇಲಿತ್ತು, ಹೆಬ್ಬೆರಳಿಗೆ ಉಗುರಿಲ್ಲ.
ಎದೆಯೊಳಗೆ ನಲವತ್ತು ವರ್ಷದ ಕಲ್ಲುಪುಡಿ
ಉಸಿರಿಗೊಮ್ಮೆ ಗೊರಗುಟ್ಟುತ್ತ ಮೇಲೇರಿ
ತುದಿ ಮುಟ್ಟದೆ ಇಳಿಯುತ್ತಿತ್ತು.
ನಾನು ಹೇಳಲಿಲ್ಲ.

"ಒಡೆಯ ಅಲ್ಲವಾ," ನಕ್ಕ, ಕೆಮ್ಮಿದ,
"ಒಡೆಯೋದು ಗೊತ್ತಿಲ್ಲ."

ಹಳಗನ್ನಡದಲ್ಲಿ ಒಡೆಯ ಎಂದರೆ
ಒಡೆಯುವುದಿಲ್ಲ ಎಂದೂ ಅರ್ಥ.
ನಿಷೇಧಾರ್ಥಕದ ಪ್ರಶ್ನೆ, ಪಿಯುಸಿಯಲ್ಲಿ ಬರೆದು
ಎರಡಕ್ಕೆ ಎರಡು ಅಂಕ ತಗೊಂಡಿದ್ದೆ.

ಸಂಜೆ ಅಂತರಗಂಗೆಗೆ ಹೋದೆ,
ಐದು ಲೀಟರಿನ ಕ್ಯಾನು ಹಿಡಿದು.
ಬಸವನ ಬಾಯಿಂದ ಬೆರಳು ಗಾತ್ರದ ನೀರು.
ಎಲ್ಲಿಂದ ಬರುತ್ತದೆಂದು ಯಾರಿಗೂ ಗೊತ್ತಿಲ್ಲ ಅನ್ನುತ್ತಾರೆ.
ಯಾರೋ ಏನನ್ನೋ ನೋಡಿದ್ದಿರಬೇಕು.
ಬಾಯಿ ಬಿಟ್ಟಿರಬೇಕು.

ಮೇಲೆ ಗುಂಡುಗಳು ಒಂದರ ಹೆಗಲ ಮೇಲೊಂದು,
ಇನ್ನೇನು ಬಿದ್ದವು ಅನ್ನುವಂತೆ ನಿಂತಿವೆ,
ನಾನು ಹುಟ್ಟುವುದಕ್ಕೂ ಮೊದಲಿನಿಂದ.
ಒಂದರ ಮೈಯಲ್ಲಿ, ಗೇಣಿಗೊಂದರಂತೆ,
ಏಳು ತೂತು.
ಎಂಟನೆಯದು ಅರ್ಧಕ್ಕೆ ನಿಂತಿದೆ.

ಕ್ಯಾನು ತುಂಬಿದ್ದು
ಕಾಲು ತಣ್ಣಗಾದಾಗ ತಿಳಿಯಿತು.